ನೀರಿನ ಬಾನಿಗೆ ಹೋದ ಕುಡಿಕೆ

ಕುಂಬಾರರ ದ್ಯಾವಮ್ಮನ ಅಂಗಳದಲ್ಲಿ ಮಡಕೆ ಸುಡುವ ಆವಿಗೆಯ ಮಾತೇ ಕೊನೆಯ ಮಾತು. ಒಂದು ದಿನ, ಒಣಗಲಿಟ್ಟಿದ್ದ ಹಸಿ ಕುಡಿಕೆಯೊಂದು ಕುಣಿಯಲು ಹೋಗಿ ಉರುಳಿ, ಸುಟ್ಟ ಗಡಿಗೆಯೊಂದನ್ನು ಜಗಲಿಯಿಂದ ಕೆಡವಿ ಒಡೆಯಿತು. ತನ್ನ ಮೈಗೂ ಬಿರುಕು ತಂದುಕೊಂಡಿತು.

“ಚಿಕ್ಕದಾಗಲಿ ದೊಡ್ಡದಾಗಲಿ, ತಪ್ಪಿಗೆ ಬೆಂಕಿ ಒಂದೇ,” ಎಂದು ಆವಿಗೆ ಗುಡುಗಿತು. “ನನ್ನ ಹೊಟ್ಟೆಗೆ ಹಾಕಿ, ಬುದ್ಧಿ ಬರುತ್ತದೆ.”

ಮೂಲೆಯ ನೀರಿನ ಬಾನಿ ಹೇಳಿತು: “ಆವಿಗೆರಾಯರೇ, ಈಗಲೇ ಸುಟ್ಟರೆ ಬಿರುಕೂ ಅದರ ಜೊತೆ ಗಟ್ಟಿಯಾಗುತ್ತದೆ. ಇದಿನ್ನೂ ಹಸಿ ಮಣ್ಣು. ನನಗೆ ಕೊಡಿ.”

“ತಣ್ಣಗೆ ಕೂರಿಸಿಕೊಂಡು ಮುದ್ದು ಮಾಡುತ್ತೀಯೋ?”

“ಮುದ್ದೆಲ್ಲಿ ಬಂತು? ಅದು ಕರಗಬೇಕು, ತುಳಿಸಿಕೊಳ್ಳಬೇಕು, ತಿಗರಿಯ ಮೇಲೆ ಮತ್ತೆ ಸುತ್ತಬೇಕು. ಒಡೆದ ಗಡಿಗೆಯ ಬದಲು ಇನ್ನು ಅದೇ ನೀರು ಹೊರಬೇಕು.”

ದ್ಯಾವಮ್ಮ ಕುಡಿಕೆಯನ್ನು ಬಾನಿಗೆ ಹಾಕಿದಳು. ನಾಲ್ಕನೆಯ ದಿನ ಆ ಮಣ್ಣನ್ನು ತುಳಿದು ಹದಮಾಡಿ ತಿಗರಿಗಿಟ್ಟಳು. ಆವಿಗೆ ನೋಡುತ್ತಿತ್ತು. ಅವಳ ಅಂಗೈಗಳ ನಡುವೆ ಮಣ್ಣು ಮೊಗ್ಗಿನಂತೆ ಮೇಲೆದ್ದಿತು. ಬಿರುಕು ಎಲ್ಲಿತ್ತೆಂಬುದೇ ತಿಳಿಯಲಿಲ್ಲ. ಅದು ಒಣಗಿ, ಬೆಂದು ಹೊರಬಂದ ಮೇಲೆ ದ್ಯಾವಮ್ಮ ನೀರು ತುಂಬಿದಳು. ಒಂದು ಹನಿಯೂ ಸೋರಲಿಲ್ಲ.

 ಆವಿಗೆ ಮೊದಲ ಸಲ ತನ್ನ ಬೆನ್ನ ಹಿಂದೆ, ತನ್ನ ಬೆಂಕಿಯಲ್ಲಿ ಒಡೆದ ಮಡಕೆಗಳ ಬೋಕಿ ಚೂರುಗಳ ರಾಶಿಯತ್ತ ತಿರುಗಿತು.

“ಬಾನಿ, ಇವುಗಳಲ್ಲಿ ಹಸಿಯಿದ್ದಾಗಲೇ ಬಿರುಕು ಬಿಟ್ಟವು ಎಷ್ಟಿದ್ದವು?”

“ಬಹುಪಾಲು ರಾಯರೇ,” ಎಂದಿತು ಬಾನಿ. “ಆದರೆ ಇವು ಇನ್ನು ನೀರಿನಲ್ಲಿ ಕರಗುವುದಿಲ್ಲ.”