ಪಿಳ್ಳಣ್ಣನಿಗೆ ಹಾಕಿದ ಕ್ರಾಸ್

ಯಾವ ಕಾಲ ಅಂತ ಕೇಳಬೇಡಿ, ನಮ್ಮಜ್ಜನಿಗೇ ಅದು ಹಳೇ ಮಾತು. ಒಂದು ಗಣಿ ಊರಿತ್ತು. ಆ ಊರಲ್ಲಿ ಜ್ಞಾನಪ್ಪ ಅಂತ ಒಬ್ಬ ಇದ್ದ. ಫುಟ್‌ಬಾಲಲ್ಲಿ ಲೆಫ್ಟ್ ಔಟ್ ಆಡೋನು. ಎಡಗಡೆ ಗೆರೆ ಹಿಡಿದು ಒಬ್ಬನೇ ಓಡಬೇಕು, ಮೂಲೆ ಹತ್ರ ಹೋಗಿ ಚೆಂಡನ್ನ ಗೋಲಿನ ಮುಂದಕ್ಕೆ ಎತ್ತಿ ಹಾಕಬೇಕು. ಅದಕ್ಕೇ ಕ್ರಾಸ್ ಅನ್ನೋದು. ಗೋಲು ಹೊಡೆಯೋನು ಬೇರೆ.

ಅವನ ಕ್ರಾಸು ಕೀಪರ್ ಕೈಗೆ ಬಂದ ಹಾಗೇ ಬಂದು, ಕೊನೇ ಗಳಿಗೆಲಿ ಆಚೆಗೆ ಬಾಗ್ತಿತ್ತಂತೆ. ನೋಡ್ತಾ ಕೂತೋನು ಬೀಡಿ ಹಚ್ಚಿ ಎರಡು ದಮ್ ಎಳೆದರೂ ಚೆಂಡು ಕೆಳಗೆ ಬರ್ತಿರಲಿಲ್ಲವಂತೆ. ಬುರುಡೆ ಅಂತೀರಾ? ಇರಬಹುದು, ನಾನು ಕೇಳಿದ್ದನ್ನ ಹೇಳ್ತಿದೀನಿ. ತಲೆ ಎತ್ತಿ ನೋಡದೇನೇ ಹಾಕ್ತಿದ್ದನಂತೆ. ಯಾಕೆ ನೋಡಬೇಕು? ಅಲ್ಲಿ ಪಿಳ್ಳಣ್ಣ ಇರ್ತಿದ್ದ. ಗಿಡ್ಡ ಆಸಾಮಿ, ಗಣಿಯೊಳಗೆ ಕಲ್ಲು ಒಡೆಯೋನು, ಜ್ಞಾನಪ್ಪನ ಜತೆ ಆಡಿ ಬೆಳೆದೋನು. ಹಿಂದಿನ ಕಂಬದ ಹತ್ರ, ಅಂದರೆ ಗೋಲಿನ ಆಚೆ ಕಂಬದ ಹತ್ರ, ಹಾರಿ ಹೆಡ್ ಮಾಡಿದರೆ, ಚೆಂಡಿಗೆ ಹಣೆ ಕೊಟ್ಟರೆ, ಗೋಲೇ.

ಒಂದ್ಸಲ ಪಟ್ಟಣದ ದೊಡ್ಡ ಕ್ಲಬ್ಬಿನೋರು ಆಟಗಾರರನ್ನ ಹುಡುಕಿಕೊಂಡು ಬಂದರು. ಸಂಬಳ ಕೊಟ್ಟು ಆಡಿಸೋರು. ಅವತ್ತು ಪಿಳ್ಳಣ್ಣ ಪಾಳಿ ಮೇಲೆ ಗಣಿಯೊಳಗಿದ್ದ. ಜ್ಞಾನಪ್ಪನ್ನ ಒಪ್ಪಿಕೊಂಡು, ನಿಮ್ಮೂರಲ್ಲಿ ಹೆಡ್ ಮಾಡೋರು ಯಾರಾದರೂ ಇದಾರಾ ಅಂತ ಅವನನ್ನೇ ಕೇಳಿದರಂತೆ. ಅವನು ಯಾರೂ ಇಲ್ಲ ಅಂದುಬಿಟ್ಟ.

ಯಾಕಂದ? ಒಬ್ಬನೇ ಮಿಂಚಬೇಕು ಅನ್ನೋ ಆಸೆ ಬಂತಂತೆ. ಆಮೇಲೆ ಅವನೇ ಬಾಯಿಬಿಟ್ಟು ಹೇಳಿದ್ದು ಇದು.

ಪಟ್ಟಣದಲ್ಲಿ ಹೆಸರಾದ. ಎತ್ತರದ ಆಳುಗಳು ಅವನ ಕ್ರಾಸಿಗೆ ಹಾರಿ ಗೋಲು ಹೊಡೆದರು. ಎರಡು ವರ್ಷ ಆದಮೇಲೆ ಗಣಿ ಕುಸಿದು ಪಿಳ್ಳಣ್ಣ ಒಳಗೇ ಉಳಿದ. ಹೆಣವೂ ಸಿಗಲಿಲ್ಲ. ಆ ಸುದ್ದಿ ಮುಟ್ಟಿದ ದಿನದಿಂದ ಜ್ಞಾನಪ್ಪನ ಚೆಂಡು ಹಿಂದಿನ ಕಂಬದ ಹತ್ರ ಒಂದು ಮೊಳ ತಗ್ಗಲ್ಲಿ ಬೀಳೋಕೆ ಶುರುವಾಯ್ತಂತೆ, ಗಿಡ್ಡ ಆಸಾಮಿಯ ಹಣೆ ಮಟ್ಟಕ್ಕೆ. ಅಲ್ಲಿ ಯಾರೂ ಇರ್ತಿರಲಿಲ್ಲ. ತಲೆ ಎತ್ತಿ ನೋಡಿ ಹಾಕಯ್ಯಾ ಅಂತ ಕೋಚು ಬೈದ. ನೋಡಿ ಹಾಕಿದರೂ ಅಲ್ಲಿಗೇ ಹೋಗ್ತಿತ್ತು. ಕೊನೆಗೆ ಕ್ಲಬ್ಬಿನೋರು ಅವನನ್ನ ಬಿಟ್ಟುಬಿಟ್ಟರು.

ಊರಿಗೆ ಬಂದ. ದಿನಾ ಸಂಜೆ ಗಣಿಯ ಬಿಳಿ ದೂಳು ಕೂತ ಊರ ಮೈದಾನಕ್ಕೆ ಒಬ್ಬನೇ ಹೋಗೋನು. ಚೆಂಡು ಇಟ್ಟು, "ಪಿಳ್ಳಣ್ಣ ಇದಾನೆ" ಅಂತ ಗಟ್ಟಿಯಾಗಿ ಹೇಳಿ ಕ್ರಾಸ್ ಹಾಕೋನು. ಚೆಂಡು ಬಿದ್ದು ಉರುಳ್ತಾ ಆಚೆ ಬೇಲಿ ಮುಟ್ಟೋದು. ನಡಕೊಂಡು ಹೋಗಿ ತಾನೇ ತರೋನು. ಪಾಪ ಅಂತ ಯಾರಾದರೂ ಹೆಡ್ ಮಾಡೋಕೆ ಹೋಗಿ ನಿಂತರೆ, ಅವರು ಅಲ್ಲಿಂದ ಸರಿಯೋವರೆಗೂ ಕಾಯೋನು. ಕೂದಲು ನೆರೆತು ಮೊಣಕಾಲು ಸೋತ ಮೇಲೂ ಬಿಡಲಿಲ್ಲವಂತೆ.

ಗಣಿ ಮುಚ್ಚಿ ಎಷ್ಟೋ ಕಾಲ ಆಯ್ತು. ಇವತ್ತಿಗೂ ಅಲ್ಲಿ ಆಟಕ್ಕೆ ಮುಂಚೆ ಎಡಗಡೆ ಮೂಲೆಯಿಂದ ಒಂದು ಕ್ರಾಸ್ ಹಾಕ್ತಾರೆ. ಹಾಕೋನು ಪಿಳ್ಳಣ್ಣನ ಹೆಸರು ಹೇಳಬೇಕು. ಎರಡು ತಂಡದೋರೂ ಸುಮ್ಮನೆ ನಿಂತಿರ್ತಾರೆ, ಚೆಂಡು ಯಾರೂ ಮುಟ್ಟಲ್ಲ. ಬೇಲಿತನಕ ಹೋಗಿ ತರಬೇಕಾದ್ದು ಹಾಕಿದೋನೇ, ಜತೆಗೆ ಇನ್ನೊಬ್ಬ ಹೋಗೋ ಹಾಗಿಲ್ಲ.

ವಯಸ್ಸಲ್ಲಿ ನಾನೂ ಒಂದ್ಸಲ ಹಾಕಿದೀನಿ. ಬೇಲಿಗೆ ಎಷ್ಟು ಮಹಾ ದೂರ, ಎಂಬತ್ತು ಹೆಜ್ಜೆ ಇರಬಹುದು. ಚೆಂಡು ಎತ್ತಿಕೊಂಡು ವಾಪಸ್ ಬರೋವಾಗ ನನಗೂ ಒಬ್ಬನ ಹೆಸರು ನೆನಪಾಯ್ತು, ಹೇಳಬೇಕಾದ ಕಡೆ ನಾನು ಹೇಳದೇ ಬಿಟ್ಟ ಹೆಸರು.