ಮೆಣಸಿನಕಾಯಿ ಇಲ್ಲದ ಕಾಲ

"ಗುರುಗಳೇ, ಹೊಯ್ಸಳರ ಕಾಲದ ಒಂದು ಮನೆಯ ಕತೆ ಬರೆಯಬೇಕೆಂದಿದ್ದೇನೆ. ಆದರೆ ಆಗಿನವರು ಬೆಳಿಗ್ಗೆ ಎದ್ದು ಹಲ್ಲು ಯಾವುದರಿಂದ ಉಜ್ಜುತ್ತಿದ್ದರು ಎಂಬುದು ಎಲ್ಲಿ ಹುಡುಕಿದರೂ ಸಿಗುತ್ತಿಲ್ಲ. ಅದು ತಿಳಿಯದೆ ಮೊದಲ ಸಾಲು ಹೇಗೆ ಬರೆಯಲಿ?" ಎಂದು ಶಿಷ್ಯ ಕೇಳಿದ.

ಗುರುಗಳು ಹಣೆ ಚಚ್ಚಿಕೊಂಡರು. ಹೋದ ವಾರ ಇದೇ ಶಿಷ್ಯ ಹಾಸಿಗೆಯ ವಿಚಾರ ಕೇಳಿದ್ದ. ಅದರ ಹಿಂದಿನ ವಾರ ದೀಪದ ಎಣ್ಣೆ. ಮೊದಲ ಸಾಲು ಮಾತ್ರ ಇನ್ನೂ ಹುಟ್ಟಿರಲಿಲ್ಲ. "ಕೂತುಕೋ, ನಡುವೆ ಏನೂ ಕೇಳಬೇಡ" ಎಂದು ಅವರು ಒಂದು ಕತೆ ಹೇಳಿದರು.

ಒಬ್ಬ ಬರಹಗಾರನಿದ್ದ. ಅವನಿಗೂ ನಿನ್ನದೇ ಹುಚ್ಚು. ಒಂದು ಊರಿನ ಗಡಿಯಲ್ಲಿ ಹೊಯ್ಸಳರ ಕಾಲದ ವೀರಗಲ್ಲು ಇದೆ, ಅದರ ಕತೆ ಬಲ್ಲವಳು ಒಬ್ಬ ಮುದುಕಿ ಮಾತ್ರ ಎಂದು ತಿಳಿದು ಅಲ್ಲಿಗೆ ಹೋದ. ಅವಳ ಮನೆತನದಲ್ಲಿ ಒಂದು ಕಟ್ಟಳೆಯಿತ್ತು. ವರ್ಷಕ್ಕೊಮ್ಮೆ, ಪಿತೃಪಕ್ಷದ ಅಮಾವಾಸ್ಯೆಯ ದಿನ, ಕಲ್ಲಿಗೆ ಎಣ್ಣೆ ಹಚ್ಚಿ ಅದರ ಮುಂದೆ ಕತೆ ಹೇಳಬೇಕು. ಹೊತ್ತು ಮುಳುಗುವುದರೊಳಗೆ ಮುಗಿಸಬೇಕು. ನಡುವೆ ಯಾರಾದರೂ ತಡೆದರೆ ಮತ್ತೆ ಎಣ್ಣೆ ಹಚ್ಚಿ ಮೊದಲಿನಿಂದ ಶುರುಮಾಡಬೇಕು. ಬರಹಗಾರ ಎಲ್ಲಕ್ಕೂ ತಲೆಯಾಡಿಸಿದ. ತಲೆಯಾಡಿಸುವುದಕ್ಕೇನು ಖರ್ಚು?

ಅಮಾವಾಸ್ಯೆಯ ದಿನ ಮುದುಕಿ ಕಲ್ಲಿಗೆ ಎಣ್ಣೆ ಹಚ್ಚಿ ಹೇಳತೊಡಗಿದಳು. ಕಳ್ಳರು ಊರಿನ ದನಗಳನ್ನು ಅಟ್ಟಿಕೊಂಡು ಹೋದರು. ಬಿಡಿಸಿ ತರಲು ಮನೆಗೊಬ್ಬ ಗಂಡಸು ಹೊರಡಬೇಕೆಂದು ಊರ ಗೌಡ ಡಂಗುರ ಹೊಡೆಸಿದ. ಒಬ್ಬ ವಿಧವೆಗೆ ಇಬ್ಬರು ಗಂಡುಮಕ್ಕಳು. ಹೋದವನು ಮರಳುವುದಿಲ್ಲವೆಂದು ಅವಳಿಗೆ ಗೊತ್ತು. ಯಾರನ್ನು ಕಳಿಸಲಿ ಎಂದು ಇಬ್ಬರ ಮುಖವನ್ನೂ ನೋಡಿದಳು. ಉಪ್ಪು, ಮೆಣಸಿನಕಾಯಿ ತಂದು ಇಬ್ಬರಿಗೂ ದೃಷ್ಟಿ ತೆಗೆದಳು.

"ತಡೆಯಿರಿ ಅಜ್ಜಿ" ಎಂದ ಬರಹಗಾರ. "ಆಗ ನಮ್ಮ ನಾಡಿನಲ್ಲಿ ಮೆಣಸಿನಕಾಯಿ ಎಲ್ಲಿತ್ತು? ಅದು ಎಷ್ಟೋ ಕಾಲದ ಮೇಲೆ ಹಡಗಿನಲ್ಲಿ ಬಂದದ್ದು."

ಅವನು ಹೇಳಿದ್ದು ನಿಜವೇ. ನಿಜ ಗೊತ್ತಿದ್ದವನ ಬಾಯಿ ಸುಮ್ಮನಿರಬೇಕಲ್ಲ! ಮುದುಕಿ ಮತ್ತೆ ಎಣ್ಣೆ ಹಚ್ಚಿ ಮೊದಲಿನಿಂದ ಶುರುಮಾಡಿದಳು. ಪಾಪ, ಈ ಸಲ ಬರೀ ಉಪ್ಪಿನಲ್ಲೇ ದೃಷ್ಟಿ ತೆಗೆಸಿದಳು. ಹೋಗುವ ಮಗನಿಗೆಂದು ತಾಯಿ ಹುರಿದ ಕಡಲೆಕಾಯಿ ಗಂಟು ಕಟ್ಟುವಷ್ಟರಲ್ಲಿ ಬರಹಗಾರ ಮತ್ತೆ ಕೈಯೆತ್ತಿದ. ಕಡಲೆಕಾಯಿಯೂ ಆಗ ಇರಲಿಲ್ಲವಂತೆ.

ಮುದುಕಿ ಮತ್ತೆ ಶುರುಮಾಡಿದಳು. ಹೊತ್ತು ಇಳಿಯುತ್ತಿತ್ತು. ಈಗ ಮೆಣಸಿನಕಾಯಿ ಇಲ್ಲ, ಕಡಲೆಕಾಯಿ ಇಲ್ಲ, ತಪ್ಪು ಹಿಡಿಯಲು ಏನೂ ಉಳಿದಿರಲಿಲ್ಲ. ತಾಯಿ ಬಾಗಿಲಿಗೆ ಬಂದಳು. ಇಬ್ಬರು ಮಕ್ಕಳೂ ಎದುರಿಗೆ ನಿಂತರು. ಅವಳು ಒಬ್ಬನ ಕಡೆಗೆ ಕೈ ಚಾಚಿದಳು. ಆಗ ಈ ಪುಣ್ಯಾತ್ಮ, "ಅಜ್ಜಿ, ಆ ಮನೆಯ ಹೊಸ್ತಿಲು ಕಲ್ಲಿನದೋ, ಮರದ್ದೋ?" ಎಂದ.

ಅಷ್ಟರಲ್ಲಿ ಹೊತ್ತು ಮುಳುಗಿತು. ಮುದುಕಿ ಎಣ್ಣೆಯ ಬಟ್ಟಲು ಎತ್ತಿಕೊಂಡು ಮನೆಗೆ ನಡೆದಳು. ಇದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಬರಹಗಾರ ಆ ವರ್ಷವೆಲ್ಲ ಹೊಸ್ತಿಲುಗಳ ಬಗ್ಗೆ ಓದಿದ. ಮುಂದಿನ ಅಮಾವಾಸ್ಯೆಗೆ, ಏನೇ ಆಗಲಿ ಬಾಯಿ ತೆರೆಯುವುದಿಲ್ಲವೆಂದು ನಿಶ್ಚಯಿಸಿಕೊಂಡು ಹೋದ. ಮುದುಕಿ ಕಲ್ಲಿಗೆ ಎಣ್ಣೆ ಹಚ್ಚಿದಳು, ಕೈಮುಗಿದಳು, ಎದ್ದು ಹೊರಟಳು.

"ಅಜ್ಜಿ, ಕತೆ ಹೇಳಲಿಲ್ಲವಲ್ಲ?"

"ಅವತ್ತು ನೀವೇ ಎಲ್ಲಾ ಸುಳ್ಳು ಅಂದ್ರಲ್ಲ ಸ್ವಾಮಿ. ನಮ್ಮತ್ತೆ ಹೇಳ್ಕೊಟ್ಟಂಗೆ ನಾನು ಹೇಳ್ತಿದ್ದೆ. ಓದಿದೋರೇ ಸುಳ್ಳು ಅಂದ್ಮೇಲೆ ಹಿರೀಕರ ಮುಂದೆ ನಿಂತು ಸುಳ್ಳು ಹೇಳಕ್ಕಾಯ್ತದಾ? ಸೊಸೆಗೂ ಹೇಳ್ಕೊಡಲಿಲ್ಲ. ಬಿಟ್ಬಿಟ್ಟೆ."

ಬರಹಗಾರ ಬೇಡಿಕೊಂಡ, ಕಾಲಿಗೆ ಬಿದ್ದ. ಮುದುಕಿ ಮನಸ್ಸು ಬದಲಿಸಲಿಲ್ಲ. ಮುಂದೆ ಅವಳು ತೀರಿಕೊಂಡಳು. ಆ ಕಲ್ಲಿನ ಮೇಲೆ ಕತ್ತಿ ಹಿಡಿದ ಒಬ್ಬ ಹುಡುಗನನ್ನು ಕೆತ್ತಿದ್ದಾರೆ. ಅವನು ದೊಡ್ಡ ಮಗನೋ ಚಿಕ್ಕ ಮಗನೋ, ಹೊರಡುವಾಗ ತಾಯಿ ಅವನಿಗೆ ಏನು ಹೇಳಿದಳೋ, ಇನ್ನು ಯಾರಿಗೂ ತಿಳಿಯುವುದಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. ಕೂತಲ್ಲಿಂದ ಮುಂದಕ್ಕೆ ಸರಿದು, "ಅಯ್ಯೋ, ಇದೇನು ಗುರುಗಳೇ! ನಿಮಗಾದರೂ ಗೊತ್ತಿರಬೇಕು. ತಾಯಿ ಯಾರನ್ನು ಕಳಿಸಿದಳು?" ಎಂದು ಕೇಳಿದ.

"ಹೊಸ್ತಿಲು ಯಾವುದರದೆಂದು ನೀನೂ ಕೇಳಲಿಲ್ಲ ನೋಡು. ಅವಳ ಮಾತು ಬಿಡು, ನಿನ್ನ ಕತೆಯ ಮನೆಯಲ್ಲಿ ಯಾರಿಗೆ ಏನಾಗಿದೆ?" ಎಂದರು ಗುರುಗಳು.