ತೆರೆದ ಕಣ್ಣಿಗೆ ನೋಟ ಬಂದ ಬಗೆ

ಮಾತೋಶ್ರೀ ಸಿದ್ಧವ್ವನವರು ಆಗ ಘಟಪ್ರಭೆಯ ದಂಡೆಯ ಮೇಲೆ, ಯಾರಿಗೂ ಬೇಡವಾಗಿದ್ದ ಹಳೆಯ ಸುಂಕದ ಮನೆಯಲ್ಲಿ ವಾಸವಾಗಿದ್ದರು. ಅರ್ಧ ಸೂರು ಕುಸಿದಿತ್ತು. ಉಳಿದರ್ಧದಡಿ ತಾಯಿಯವರು, ಒಂದು ಒಲೆ, ಆಶ್ರಯ ಅರಸಿ ಬಂದ ಮೂಕಜೀವಗಳು.

ಒಂದು ಬೆಳಗ್ಗೆ ದರ್ಜಿ ಕಾಡಪ್ಪ ಅಲ್ಲಿಗೆ ಬಂದ. ಹೆಂಡತಿ ತೀರಿಕೊಂಡ ಮೇಲೆ ದಿಕ್ಕು ತೋಚದೆ ತಾಯಿಯವರಿಂದ ಮಂತ್ರೋಪದೇಶ ಪಡೆದಿದ್ದವನು.

"ಅವ್ವಾರ, ನೀವು ಕೊಟ್ಟ ಮಂತ್ರ ವಾಪಸ್ ಕೊಡಾಕ ಬಂದೀನ್ರಿ. ಕಣ್ಣು ಮುಚ್ಚಿ ಕುಂತ್ರ ಬರೇ ಕತ್ತಲಿ. ದೇವರೂ ಕಾಣಂಗಿಲ್ಲ, ಅಕೀನೂ ಕಾಣಂಗಿಲ್ಲ" ಎಂದ. ಮಂತ್ರವನ್ನು ಹಿಂದಿರುಗಿಸುವುದು ಹೇಗೆಂದು ಅವನಿಗೇ ಗೊತ್ತಿರಲಿಲ್ಲ. ಕೈ ಚಾಚಿ ನಿಂತ.

ಚಾಚಿದ ಆ ಕೈಗೆ ತಾಯಿಯವರು ಒಂದು ನಾಯಿಮರಿಯನ್ನಿಟ್ಟರು. ಅದರ ತಾಯಿ ಹಿಂದಿನ ದಿನ ಲಾರಿಗೆ ಸಿಕ್ಕಿ ಸತ್ತಿತ್ತು. "ಮೊದಲ ಇದಕ್ಕ ಹಾಲು ಕುಡಸಪ್ಪ" ಎಂದು ಒಲೆಯ ಕಡೆ ತಿರುಗಿದರು.

ಮರಿಯ ರೆಪ್ಪೆಗಳು ಅಂಟಿಕೊಂಡಿದ್ದವು. ಏನೋ ರೋಗವೆಂದು ಬಗೆದ ಕಾಡಪ್ಪ ಒದ್ದೆ ಬಟ್ಟೆಯಿಂದ ಬಿಡಿಸಲು ಹೋದಾಗ ತಾಯಿಯವರು ಅವನ ಕೈ ಹಿಡಿದರು. "ಹಂಗ ತೆರದ್ರ ಕಣ್ಣ ಹೋಗ್ತಾವು. ಒಳಗ ಇನ್ನೂ ಬಲೀಬೇಕು."

ಕಾಡಪ್ಪ ಅಲ್ಲಿಯೇ ಉಳಿದ. ಕೆಲವು ದಿನಗಳಲ್ಲಿ ರೆಪ್ಪೆಗಳು ಮೂಗಿನ ಕಡೆಯ ಮೂಲೆಯಿಂದ ತಾವಾಗಿ ಬಿರಿದವು. ಅವನು ಹಿಗ್ಗಿ ಅದರ ಕಣ್ಣೆದುರು ಬೆರಳಾಡಿಸಿದ, ಮರಿ ನೋಡಲಿಲ್ಲ. ಕಣ್ಣೊಳಗೆ ನೀಲಿ ಮಂಜು ಕವಿದಂತಿತ್ತು. ಬಟ್ಟಲಿಗೆ ಡಿಕ್ಕಿ ಹೊಡೆಯಿತು, ಗೋಡೆಗೆ ಮೂತಿ ತಾಗಿಸಿಕೊಂಡಿತು. ಆದರೆ ಬಿಸಿಲು ಬಿದ್ದೊಡನೆ ಮುಖ ತಿರುಗಿಸಿತು. ಕುರುಡಾದರೆ ಬಿಸಿಲು ತಿಳಿದದ್ದು ಹೇಗೆ? ಕಾಣುವುದಾದರೆ ತನ್ನನ್ನೇಕೆ ನೋಡದು? ಅವನಿಗೆ ತಲೆಬುಡ ಹತ್ತಲಿಲ್ಲ. ಮರಿಯನ್ನೆತ್ತಿಕೊಂಡು ಹೋಗಿ, "ಕಣ್ಣು ತೆರದೈತ್ರಿ, ಆದ್ರ ಕಾಣವಲ್ದು" ಎಂದ.

"ಕಣ್ಣು ತೆರದೈತಿ, ನೋಟ ಬರಾಕ ಹತ್ತೈತಿ" ಎಂದರು ತಾಯಿಯವರು. "ಅಲ್ಲೀತನಾ ನಿನ್ನ ವಾಸನಿ ಹಿಡಕೊಂಡು ಬರತೈತಿ. ದೂರ ಹೋಗಬ್ಯಾಡ."

ಇದು ಮರಿಯ ಮಾತೋ ತನ್ನ ಮಾತೋ ಕಾಡಪ್ಪನಿಗೆ ತಿಳಿಯಲಿಲ್ಲ. ಕೇಳಲು ಧೈರ್ಯವೂ ಸಾಲಲಿಲ್ಲ.

ತಿಂಗಳೊಪ್ಪತ್ತು ಕಳೆದಿರಬೇಕು. ಅವನು ಹೊಳೆಯಿಂದ ನೀರು ಹೊತ್ತು ಬರುತ್ತಿದ್ದ. ಎದುರುಗಾಳಿ, ಅವನ ವಾಸನೆ ಅಂಗಳ ಮುಟ್ಟುವಂತಿರಲಿಲ್ಲ. ಆದರೂ ಮರಿ ತಲೆಯೆತ್ತಿ ನೇರ ಅವನ ಮುಖವನ್ನೇ ನೋಡಿತು, ನೋಡುತ್ತಲೇ ಓಡಿಬಂತು. ಕಾಡಪ್ಪ ಕೊಡ ಇಳಿಸಿ ದಾರಿಯಲ್ಲೇ ಕುಳಿತು ಅತ್ತ. ಹೆಂಡತಿ ಹೋದಾಗಲೂ ಅವನು ಹಾಗೆ ಅತ್ತಿರಲಿಲ್ಲವಂತೆ.

ಆಮೇಲೆ ಬಂದು ತಾಯಿಯವರ ಪಾದಕ್ಕೆರಗಿ, "ನನಗ ಇನ್ನೂ ಏನೂ ಕಾಣಂಗಿಲ್ರಿ ಅವ್ವಾರ. ಆದ್ರೂ ದಿನಾ ಕಣ್ಣು ಮುಚ್ಚಿ ಕೂಡ್ತೀನಿ" ಎಂದ. ತಾಯಿಯವರು ಅವನ ತಲೆಯ ಮೇಲೆ ಬಹಳ ಹೊತ್ತು ಕೈಯಿಟ್ಟಿದ್ದರು.